ಬೀಜವಿಲ್ಲದ ಹುಣಸೆಹಣ್ಣು

ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ಸುಮ್ಮನಿರುವುದಿಲ್ಲ.

ಆಗ ನಾವು ಕುಪ್ಪಗಡ್ಡೆಯಲ್ಲಿದ್ದೆವು. ಅಕ್ಕನಿಗೆ ಹೆರಿಗೆ ನೋವು ಬಂದು, ಅಪ್ಪ ಹಿಂದಿನ ದಿನವೇ ಅವಳನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಸುದ್ದಿ ಬಂದರೆ ಮಧ್ಯಾಹ್ನದ ಬಸ್ಸಿಗೇ ಬರಬೇಕು. ಅವ್ವ ಒಳಗೂ ಹೊರಗೂ ತಿರುಗುತ್ತಿದ್ದಳು. ಒಲೆಯ ಮೇಲೆ ಅನ್ನ ಸೀದು ಹೋಗಿತ್ತು.

“ನೀನು ತಿರುಗಿದ್ರೆ ಬಸ್ಸು ಬೇಗ ಬರ್ತದೇನು? ಕೂತ್ಕಂಡು ಹುಣಸೆಹಣ್ಣು ಕುಟ್ಟು. ಕೈಗೆ ಕೆಲಸ ಇದ್ರೆ ತಲೆ ಸುಮ್ನಿರ್ತದೆ,” ಎಂದು ಅಜ್ಜಿ ಗದರಿದಳು.

“ಹೋದ ವಾರನೇ ಎಲ್ಲಾ ಕುಟ್ಟಿ ಬೀಜ ತೆಗೆದಾಯ್ತಲ್ರೀ ಅತ್ತೆ,” ಎಂದಳು ಅವ್ವ.

“ನಿನ್ನ ಕಣ್ಣಿಗೆ ಬೀಜ ಕಂಡಿದ್ದು ಯಾವತ್ತು? ಇನ್ನೊಂದ್ಸಲ ಕುಟ್ಟು.”

ಮೂವರೂ ಕೂತು ಬೀಜವಿಲ್ಲದ ಹಣ್ಣನ್ನೇ ಕಲ್ಲಿನ ಮೇಲಿಟ್ಟು ಕುಟ್ಟಿದೆವು. ಬೆರಳೆಲ್ಲ ಅಂಟಂಟಾಯಿತು. ಅವ್ವ ಬಾಗಿಲ ಕಡೆ ನೋಡುವುದು ಕಡಿಮೆಯಾಯಿತು.

ಬಸ್ಸು ಇಳಿದು ಬಂದ ಅಪ್ಪ ಅಂಗಳದಿಂದಲೇ, “ಹೆಣ್ಣು ಮಗು. ಇಬ್ರೂ ಆರಾಮ ಇದಾರೆ,” ಎಂದ.

ಅವ್ವ ಕುಟ್ಟುವ ಕಲ್ಲು ಕೆಳಗಿಟ್ಟು ಎದ್ದಳು. ಅಜ್ಜಿ ಮಾತ್ರ ಇನ್ನೂ ಕುಟ್ಟುತ್ತಲೇ ಇದ್ದಳು. ಅವಳ ಹೆಬ್ಬೆರಳು ಯಾವಾಗಲೋ ಜಜ್ಜಿಹೋಗಿ, ಉಗುರಿನಿಂದ ರಕ್ತ ಇಳಿಯುತ್ತಿತ್ತು. ನಾನು ಕೈ ಹಿಡಿದು ತೋರಿಸಿದ ಮೇಲೆ ಅವಳಿಗೆ ಹುಳಿ ಉರಿಯತೊಡಗಿತು.