ಒಂದು ಹಿಡಿ ಈಸಲು

ಪೊಟ್ಟಣ ಕತ್ತರಿಸಿದ್ದೇ ತಡ, ಐಶ್ವರ್ಯ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಒಳಗಿದ್ದದ್ದು ಒಣಗಿಸಿದ ಹುಳ. ಅವಳು ಸಾಕಿದ್ದ, ಪುಟ್ಟ ಇಲಿಯಂಥ ಹ್ಯಾಮ್‌ಸ್ಟರ್ ‘ಬಟನ್’ ಕೂದಲು ಉದುರಿಸಿಕೊಂಡು ಮೂಲೆ ಹಿಡಿದು ವಾರವಾಗಿತ್ತು. ಬರೀ ಸೂರ್ಯಕಾಂತಿ ಬೀಜ ಹಾಕಿ ಹಾಕಿ ಹೀಗಾಗಿದೆ, ಪ್ರೋಟೀನ್ ಕೊಡದಿದ್ದರೆ ಉಳಿಯುವುದು ಕಷ್ಟ ಎಂದು ಹೆಬ್ಬಾಳದ ಡಾಕ್ಟರು ಬೈದು ಕಳಿಸಿದ್ದರು. ಬೇಯಿಸಿದ ಮೊಟ್ಟೆಯನ್ನು ಬಟನ್ ಸಾಹೇಬರು ಮೂಸಿಯೂ ನೋಡಿರಲಿಲ್ಲ. ಈಗ ಚಮಚದಲ್ಲಿ ಹುಳ ಇಟ್ಟರೂ ಮುಖ ತಿರುಗಿಸಿಬಿಟ್ಟರು.

ಅಜ್ಜಿ ಅಂಜಿನಮ್ಮ ಪೊಟ್ಟಣ ಎತ್ತಿ ಮೂಸಿದರು. ಅಯ್ಯೋ ಶಿವನೆ, ಎಷ್ಟು ವರ್ಷವಾಗಿತ್ತು ಆ ವಾಸನೆ ಕಂಡು! ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ, ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲುಹುಳ ರೆಕ್ಕೆ ಬಡಿದು ಏಳುತ್ತಿದ್ದವು. ಹುತ್ತದ ಬಾಯಿಗೆ ದೀಪ ಇಟ್ಟು, ಮಡಕೆ ತುಂಬ ಹಿಡಿದು, ರೆಕ್ಕೆ ಕೇರಿ, ಹುರಿದು, ಪುರಿ ಬೆರೆಸಿ ಮಕ್ಕಳ ಅಂಗೈಗೆ ಹಾಕಿದರೆ ಬೀದಿಗೆಲ್ಲ ಹಬ್ಬ. ಈಗ ಆ ಹುತ್ತದ ಜಾಗದಲ್ಲಿ ಫ್ಲೈಓವರ್ ಕಂಬ ನಿಂತಿದೆ.

ಒಮ್ಮೆ ಇದನ್ನು ಸೊಸೆಯ ತವರಿನವರ ಮುಂದೆ ಹೇಳಿದ್ದೇ ತಪ್ಪಾಯಿತು. ಮಗ ನರೇಂದ್ರ ಒಳಗೆ ಕರೆದು, "ಹುಳ ಹುರ್ಕೊಂಡು ತಿಂದಿದ್ದನ್ನೆಲ್ಲ ಹೇಳ್ಬೇಡಮ್ಮ, ಮಾನ ಹೋಗುತ್ತೆ" ಅಂದಿದ್ದ. ಅಂದಿನಿಂದ ಅಂಜಿನಮ್ಮ ಆ ಸುದ್ದಿ ಎತ್ತಿರಲಿಲ್ಲ, ಮೊಮ್ಮಗಳ ಹತ್ತಿರವೂ. ಎತ್ತಬೇಕೆಂಬ ಆಸೆ ಮಾತ್ರ ಹೋಗಿರಲಿಲ್ಲ.

"ಯಾಕಜ್ಜಿ ತಿಂತಿಲ್ಲ? ಸತ್ತೋಗುತ್ತಾ?" ಐಶ್ವರ್ಯಳ ಕಣ್ಣು ತುಂಬಿತ್ತು.

"ಅಂಗಡೀಲಿ ಇಟ್ಟೂ ಇಟ್ಟೂ ಮೆತ್ತಗಾಗೈತೆ ಕಣವ್ವ. ಇಂಗೇ ಆಕಿದ್ರೆ ಯಾರ್ ತಿಂತಾರೆ? ಉರೀಬೇಕು."

ಎಣ್ಣೆ, ಉಪ್ಪು ಏನನ್ನೂ ಸೋಕಿಸದೆ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರು. ಚಟಪಟ ಸದ್ದಿನ ಜೊತೆಗೆ ಹುತ್ತ, ದೀಪ, ಮಡಕೆ ಎಲ್ಲವೂ ಕಥೆಯಾಗಿ ಅಜ್ಜಿಯ ಬಾಯಿಂದ ಹೊರಬಂದವು. ಕೇಳುತ್ತ ಕೇಳುತ್ತ ಐಶ್ವರ್ಯ ಮೂಗು ಮುಚ್ಚುವುದನ್ನೇ ಮರೆತಳು. ಬಿಸಿ ಆರಿಸಿ ಒಂದನ್ನು ಇಟ್ಟರೆ, ಬಟನ್ ಎರಡು ಕೈಯಲ್ಲೂ ಹಿಡಿದು ಕಟುಮ್ಮೆಂದು ಕಡಿಯಿತು. ಮತ್ತೆರಡನ್ನು ಕೆನ್ನೆಯೊಳಗೆ ತುರುಕಿಕೊಂಡಿತು.

ಅಷ್ಟರಲ್ಲಿ ನರೇಂದ್ರ ಕೆಲಸದಿಂದ ಬಂದ. ಅಂಜಿನಮ್ಮ ಬಾಣಲೆಯ ಮೇಲೆ ತಟ್ಟೆ ಮುಚ್ಚಿದರು. ಶೂ ಬಿಚ್ಚುತ್ತಿದ್ದವನು ಹಾಗೇ ನಿಂತು ಗಾಳಿ ಮೂಸಿದ. ಒಂದೇ ಶೂನಲ್ಲಿ ಅಡುಗೆಮನೆ ಬಾಗಿಲಿಗೆ ಬಂದ. ಇನ್ನು ಬೈಯುತ್ತಾನೆಂದು ಅವರು ತಲೆ ತಗ್ಗಿಸಿದರು.

"ಅಮ್ಮ, ಈಸಲು ಉರಿದ್ಯಾ?"

ಕೇಳುವಾಗ ಅವನ ಅಂಗೈ ತಾನಾಗಿ ಮುಂದೆ ಬಂದಿತ್ತು.