ಬೋರೇನ್ ಬಾಟಲಿ

"ಪಿಎಚ್‌ಡಿ ಮಾಡೋಕೆ ಬಂದಿದ್ದೀಯೋ, ಬೆಂಚು ಬಿಸಿ ಮಾಡೋಕೋ?"

ವಿದ್ಯಾರ್ಥಿನಿಯ ಪ್ರಗತಿ ನೋಡಲು ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಮೇಡಂ ಎದುರಿಗೇ ಗೈಡು ಟ್ರೈಈಥೈಲ್ ಬೋರೇನ್ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಮೆಲ್ಲಗೆ ಸರ್! ಗಾಳಿ ಸೋಕಿದ್ರೆ ಹೊತ್ಕೊಳ್ಳುತ್ತೆ. ನೈಟ್ರೋಜನ್ ಸಿಲಿಂಡರ್ ಇಲ್ದೆ ಹೇಗೆ ತೆಗೀಲಿ? ಸೇರಿದಾಗಿನಿಂದ ಕೇಳ್ತಾನೇ ಇದ್ದೀನಿ," ಅಂದಳು ಅವಳು.

"ನಾಟಕ ಬೇಡ. ಈ ಲ್ಯಾಬಿಗೆ ಬಂದಿರೋದೇ ಇದೊಂದು ಬಾಟಲಿ. ಇದರಿಂದಲೇ ನಾನು ಪ್ರಯೋಗ ಮಾಡಿ ಪೇಪರ್ ಹಾಕಿಲ್ವಾ? ಮೇಡಂ, ಇವಳ ರಿಜಿಸ್ಟ್ರೇಷನ್ ರದ್ದು ಮಾಡಿ ಅಂತ ಬರೀರಿ."

ಅಂಥ ಬಾಟಲಿಯ ಮುಚ್ಚಳವನ್ನು ಯಾರೂ ಬಿಚ್ಚುವುದಿಲ್ಲ. ಮುಚ್ಚಳದ ನಡುವಿನ ರಬ್ಬರಿಗೆ ಸೂಜಿ ಚುಚ್ಚಿಯೇ ದ್ರವ ಎಳೆಯಬೇಕು. ಮೇಡಂ ಕನ್ನಡಕ ಏರಿಸಿಕೊಂಡು ರಬ್ಬರನ್ನು ನೋಡಿದರು.

"ಸೂಜಿ ಚುಚ್ಚಿದ ಒಂದು ತೂತೂ ಇಲ್ವಲ್ಲ."

"ನಾನು ಬಡ್ಕೊಳ್ತಿರೋದೂ ಅದನ್ನೇ! ಇವಳು ಇದನ್ನ ಮುಟ್ಟೇ ಇಲ್ಲ!"

ಮೇಡಂ ಬಾಟಲಿಯನ್ನು ಮೆಲ್ಲಗೆ ಗೈಡ್ ಅವರ ಮುಂದೆ ಸರಿಸಿದರು.

"ಅವಳು ಮುಟ್ಟಿಲ್ಲ, ಒಪ್ಪಿದೆ. ನಿಮ್ಮ ಪೇಪರಿಗೆ ದ್ರವ ಎಲ್ಲಿಂದ ಎಳೆದ್ರಿ?"