ಡಬ್ಬಿ ಬಿದ್ದ ಸದ್ದು

"ಇವ್ನು ನನ್ನ ಗೆ... ಗೆ..." ಎನ್ನುವಷ್ಟರಲ್ಲಿ ಗಡಿಯಾರ ರಿಪೇರಿಯವನ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಕಾರ್ಖಾನೆಯ ಊಟದ ಹಾಲ್‌ನಲ್ಲಿ ಸಂತಾಪ ಸಭೆಗೆ ಸೇರಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಉಗ್ಗು ಅವನಿಗೆ ಚಿಕ್ಕಂದಿನ ಜೊತೆಗಾರ, ನಿಜ. ಆದರೆ ಇವತ್ತು, ಈ ಫೋಟೋದ ಮುಂದೆ, ನಾಲಗೆ ಕೈಕೊಡಬಾರದಿತ್ತು.

ಫೋಟೋದಲ್ಲಿ ನಗುತ್ತಿದ್ದವನು ಇದೇ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ಅವನ ಶಾಲೆಯ ಗೆಳೆಯ; ಅಡ್ಡಹೆಸರು ಡಬ್ಬಿ. ತರಗತಿಯಲ್ಲಿ ಇವನು ಪಾಠ ಓದಲು ನಿಂತು ತಡವರಿಸಿದರೆ ಸಾಕು, ಪಕ್ಕದಲ್ಲಿ ಕೂತ ಅವನ ಕಂಪಾಸ್ ಡಬ್ಬಿ ದಡಾರನೆ ನೆಲಕ್ಕೆ ಬೀಳುತ್ತಿತ್ತು. ನಗಲು ಸಜ್ಜಾಗಿದ್ದವರೆಲ್ಲ ಅತ್ತ ತಿರುಗುತ್ತಿದ್ದರು. "ನಿನ್ನ ಕೈಗೇನು ದೊಡ್ಡ ರೋಗ ಬಂದಿದ್ಯೇನೋ?" ಎಂದು ಮೇಷ್ಟ್ರು ಅವನಿಗೆ ಮಂಗಳಾರತಿ ಎತ್ತಿ ಮುಗಿಸುವುದರೊಳಗೆ ಇವನ ಮಾತು ಸಲೀಸಾಗುತ್ತಿತ್ತು. ಡಬ್ಬಿಯೊಳಗಿನ ಒಂದು ಪೆನ್ಸಿಲ್ಲೂ ಯಾವತ್ತೂ ಚೆಲ್ಲಿದ್ದಿಲ್ಲ. ಮೊದಲೇ ರಬ್ಬರ್ ಬ್ಯಾಂಡ್ ಬಿಗಿದಿಟ್ಟಿರುತ್ತಿದ್ದ, ಕಳ್ಳ!

ಠಣ್!

ಮುಂದಿನ ಸಾಲಿನಲ್ಲಿದ್ದ ಡಬ್ಬಿಯ ಮಗಳ ಕೈಯಿಂದ ಸ್ಟೀಲ್ ಬಾಟಲಿ ಬಿದ್ದು ಉರುಳಿತು. ಎಲ್ಲರ ತಲೆಗಳೂ ಅತ್ತ ಹೊರಳಿದವು. "ಅಯ್ಯೋ, ಕೈ ಜಾರ್ತು" ಎಂದು ಬಗ್ಗಿ ಬಾಟಲಿ ಎತ್ತಿಕೊಂಡವಳು ಇವನ ಕಡೆ ನೋಡಿ, 'ಹೇಳಿ ಮಾಮ' ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ನೆಲದ ಮೇಲೆ ಒಂದು ಹನಿ ನೀರಿಲ್ಲ. ಮುಚ್ಚಳ ಬಿಗಿಯಾಗಿಯೇ ಇತ್ತು.

ಗಡಿಯಾರ ರಿಪೇರಿಯವನ ಎದೆ ಉಬ್ಬಿತು. "ಇವ್ನು ನನ್ನ ಗೆಳೆಯ," ಎಂದ, ಎಲ್ಲೂ ತಡೆಯದೆ. ಆಮೇಲೆ ಫೋಟೋ ಬಿಟ್ಟು ಆ ಹುಡುಗಿಯ ಕಡೆ ಕೈ ತೋರಿಸಿದ. "ಎಲ್ಲಿಗೂ ಹೋಗಿಲ್ಲ ಕಣ್ರೀ. ಅಗೋ, ಮುಂದಿನ ಸಾಲಲ್ಲೇ ಕೂತಿದಾನೆ!"